ಕೆನ್ ಲೋಚರ ಚಲನಚಿತ್ರಗಳು

ದೂರದಲ್ಲಿ ನಿಂತು ನೋಡುವುದು ಉದಾಸೀನರ ಲಕ್ಷಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ದೂರ ನಿಲ್ಲುವುದರಲ್ಲಿಯೂ ಒಂದು ಸೌಜನ್ಯವುಂಟು. ದುಃಖದಲ್ಲಿರುವವನ ಮುಖದ ಹತ್ತಿರಕ್ಕೆ ದೀಪ ಹಿಡಿಯದೆ, ಅವನ ಮಾತನ್ನು ನಡುವೆ ಕತ್ತರಿಸದೆ, ಅವನು ಹೇಳುವಷ್ಟನ್ನೂ ಕೇಳುವ ಸೌಜನ್ಯವದು. ಇಂಗ್ಲೆಂಡಿನ ಚಲನಚಿತ್ರ ನಿರ್ದೇಶಕರಾದ ಕೆನ್ ಲೋಚರ ಕೃತಿಗಳನ್ನು ನೋಡಿದವರಿಗೆ ಮೊದಲು ಮನದಟ್ಟಾಗುವ ಗುಣ ಇದೇ.

ಲೋಚರು ಜನಿಸಿದುದು 1936ರಲ್ಲಿ, ಇಂಗ್ಲೆಂಡಿನ ನಡುನಾಡಿನ ನನೀಟನ್ ಎಂಬ ಊರಿನಲ್ಲಿ. ತಂದೆ ಕಾರ್ಖಾನೆಯೊಂದರಲ್ಲಿ ವಿದ್ಯುತ್ ಕೆಲಸದವರು. ಮಗ ಆಕ್ಸ್‌ಫರ್ಡಿಗೆ ಹೋಗಿ ನ್ಯಾಯಶಾಸ್ತ್ರ ಓದಿದರು; ವಕೀಲರಾಗಲಿಲ್ಲ, ನಾಟಕದ ಕಡೆಗೆ ತಿರುಗಿದರು. ಅಲ್ಲಿಂದ ಬಿ.ಬಿ.ಸಿ. ಸಂಸ್ಥೆಯ ದೂರದರ್ಶನ ವಿಭಾಗವನ್ನು ಸೇರಿದರು. ಆದರೂ ವಕೀಲರ ಕೆಲಸವನ್ನು ಅವರು ಪೂರ್ತಿಯಾಗಿ ಬಿಟ್ಟರೆನ್ನುವಂತಿಲ್ಲ. ತಮ್ಮ ಪರವಾಗಿ ಮಾತನಾಡಲಾರದವರ ವ್ಯಾಜ್ಯವನ್ನೇ ಅವರು ಜೀವಮಾನವೆಲ್ಲ ನಡೆಸಿಕೊಂಡು ಬಂದರು.

ಅವರ ಶ್ರೇಷ್ಠ ಕೃತಿಗಳಲ್ಲೊಂದು 1969ರ 'ಕೆಸ್'. ಬ್ಯಾರಿ ಹೈನ್ಸ್ ಎಂಬುವರ ಕಾದಂಬರಿಯನ್ನಾಧರಿಸಿದ ಈ ಚಿತ್ರ, ಯಾರ್ಕ್‌ಷೈರಿನ ಬಾರ್ನ್ಸ್ಲಿ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ ತಯಾರಾಯಿತು. ಬಿಲ್ಲಿ ಎಂಬ ಬಡ ಹುಡುಗ ಶಾಲೆಯಲ್ಲಿ ದಡ್ಡನೆನಿಸಿಕೊಂಡವನು. ಮನೆಯಲ್ಲಿ ಅಣ್ಣನ ಕಾಟ. ಮುಂದೆ ಕಾದಿರುವುದು ಗಣಿಯ ಕತ್ತಲೆ. ಅವನು ಕೆಸ್ಟ್ರೆಲ್ ಎಂಬ ಜಾತಿಯ ಸಣ್ಣ ಡೇಗೆಯ ಮರಿಯೊಂದನ್ನು ತಂದು ಪಳಗಿಸುತ್ತಾನೆ. ಒಂದು ದಿನ ತರಗತಿಯಲ್ಲಿ ಉಪಾಧ್ಯಾಯರು ಅವನನ್ನು ಎಬ್ಬಿಸಿ ನಿಲ್ಲಿಸಿ ಹಕ್ಕಿಯ ವಿಷಯ ಹೇಳೆನ್ನುತ್ತಾರೆ. ತೊದಲುತ್ತ ಆರಂಭಿಸಿದ ಹುಡುಗ, ಹಕ್ಕಿಯ ಕಾಲಿಗೆ ಕಟ್ಟುವ ತೊಗಲಿನ ಪಟ್ಟಿಯಿಂದ ಹಿಡಿದು ಅದು ಮೊದಲ ಬಾರಿ ಬಂಧನವಿಲ್ಲದೆ ಹಾರಿ ತನ್ನ ಕೈಗೆ ಮರಳಿದ ಕ್ಷಣದವರೆಗೆ ಎಲ್ಲವನ್ನೂ ವರ್ಣಿಸುತ್ತಾನೆ. ನಕ್ಕವರೆಲ್ಲ ಸುಮ್ಮನಾಗಿ ಕೇಳುತ್ತಾರೆ. ದಡ್ಡನಾರು, ಪಂಡಿತನಾರು? ಅಧ್ಯಾಪನವನ್ನೇ ಜೀವನೋಪಾಯವಾಗಿಸಿಕೊಂಡಿರುವ ನಮ್ಮಂಥವರು ಆ ದೃಶ್ಯವನ್ನು ತಲೆತಗ್ಗಿಸದೆ ನೋಡುವುದು ಕಷ್ಟ.

ಇಂಥ ಸಹಜತೆ ಲೋಚರಿಗೆ ದೊರೆತುದು ಹೇಗೆ? ಅವರ ಪದ್ಧತಿ ಸರಳವಾದುದು. ಪಾತ್ರಕ್ಕೆ ಒಪ್ಪುವ ಊರಿನವರನ್ನು, ಅನೇಕ ವೇಳೆ ಎಂದೂ ನಟಿಸದವರನ್ನು, ಅವರು ಆರಿಸಿಕೊಳ್ಳುತ್ತಾರೆ. ಕಥೆಯ ಕ್ರಮದಲ್ಲಿಯೇ ಚಿತ್ರೀಕರಣ ನಡೆಸುತ್ತಾರೆ. ಮುಂದೇನಾಗುವುದೆಂಬುದನ್ನು ನಟರಿಗೆ ಪೂರ್ತಿಯಾಗಿ ತಿಳಿಸುವುದಿಲ್ಲ. ಆದಕಾರಣ ಪಾತ್ರಕ್ಕೆ ಆಗುವ ಆಶ್ಚರ್ಯ ನಟನಿಗೂ ಆಗುತ್ತದೆ. ಕ್ಯಾಮರಾ ಮಾತ್ರ ಕೋಣೆಯ ಮೂಲೆಯಲ್ಲಿ ಸಾಕ್ಷಿಯಂತೆ ನಿಂತಿರುತ್ತದೆ.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದನ್ನು ಮರೆಮಾಚುವುದು ಸರಿಯಲ್ಲ. 'ಕೆಸ್' ಚಿತ್ರದಲ್ಲಿ ಮುಖ್ಯೋಪಾಧ್ಯಾಯರು ಹುಡುಗರ ಅಂಗೈಗೆ ಬೆತ್ತದಿಂದ ಹೊಡೆಯುವ ಪ್ರಸಂಗವಿದೆ. ಆ ಪೆಟ್ಟುಗಳು ನಟನೆಯವಲ್ಲ, ನಿಜವಾದವು. ಹುಡುಗರು ಅವನ್ನು ನಿರೀಕ್ಷಿಸಿರಲಿಲ್ಲ. ಅವರ ಕಣ್ಣಿನಲ್ಲಿ ಬಂದುದು ನಿಜವಾದ ನೀರು. ನಮ್ಮ ಆಲಂಕಾರಿಕರು ಲೌಕಿಕ ಶೋಕಕ್ಕೂ ಕರುಣರಸಕ್ಕೂ ಭೇದ ಕಲ್ಪಿಸಿದರು. ಲೋಕದ ಶೋಕ ನೋಯಿಸುತ್ತದೆ; ಕಾವ್ಯದ ಶೋಕ ಸಹೃದಯನ ಎದೆಯಲ್ಲಿ ಪರಿಪಾಕ ಹೊಂದಿ ಬೇರೊಂದಾಗುತ್ತದೆ. ಪೆಟ್ಟು ತಿಂದ ಮಗುವಿನ ಕಣ್ಣೀರು ಯಾವ ಕಡೆಗೆ ಸೇರಬೇಕು? ಸತ್ಯಕ್ಕಾಗಿಯೇ ಆದರೂ ಒಪ್ಪಿಗೆಯಿಲ್ಲದ ಮಗುವನ್ನು ನೋಯಿಸುವ ಅಧಿಕಾರ ಕಲೆಗಿಲ್ಲವೆಂದೇ ನಮ್ಮ ಅಭಿಪ್ರಾಯ. ಬಿಲ್ಲಿಯನ್ನು ದಂಡಿಸಿದ ಶಾಲೆಯನ್ನು ಖಂಡಿಸುವ ಚಿತ್ರವು, ಆ ಒಂದು ಗಳಿಗೆಯ ಮಟ್ಟಿಗೆ, ತಾನೇ ಬೆತ್ತ ಹಿಡಿದ ಹಾಗಾಯಿತು.

ಅದೇ ಸತ್ಯವನ್ನು ಬೇರೆ ದಾರಿಯಿಂದ ಮುಟ್ಟಬಹುದೆಂಬುದಕ್ಕೆ ಲೋಚರೇ ನಿದರ್ಶನ ಕೊಟ್ಟಿದ್ದಾರೆ. 2016ರ 'ಐ, ಡೇನಿಯಲ್ ಬ್ಲೇಕ್' ಚಿತ್ರದ ಕಥೆ ನ್ಯೂಕಾಸಲ್ ನಗರದಲ್ಲಿ ನಡೆಯುತ್ತದೆ. ಹೃದ್ರೋಗಿಯಾದ ಬಡಗಿಯೊಬ್ಬನನ್ನು ವೈದ್ಯರು ಕೆಲಸ ಮಾಡಬೇಡವೆನ್ನುತ್ತಾರೆ. ಸರಕಾರದ ನಿಯಮಾವಳಿ, ಅವನು ದುಡಿಯಲು ಶಕ್ತನೆನ್ನುತ್ತದೆ. ಅವನ ಪರಿಚಯಕ್ಕೆ ಬಂದ ಕೇಟಿ ಎಂಬ ಬಡತಾಯಿ, ಮಕ್ಕಳಿಗೆ ಉಣಬಡಿಸಿ ತಾನು ಉಪವಾಸವಿರುವವಳು. ದಾನವಾಗಿ ಬಂದ ದಿನಸಿಯನ್ನು ಹಂಚುವ ಭಂಡಾರಕ್ಕೆ ಹೋದಾಗ, ಹಸಿವು ತಾಳಲಾರದೆ ಅಲ್ಲಿಯೇ ಡಬ್ಬಿಯೊಂದನ್ನು ತೆರೆದು ಕೈಯಿಂದಲೇ ತಿನ್ನತೊಡಗುತ್ತಾಳೆ. ಮರುಕ್ಷಣವೇ ನಾಚಿಕೆಯಿಂದ ಕುಸಿಯುತ್ತಾಳೆ. ಕ್ಯಾಮರಾ ಹತ್ತಿರ ಧಾವಿಸುವುದಿಲ್ಲ. ಇಲ್ಲಿ ಯಾರಿಗೂ ಪೆಟ್ಟು ಬೀಳಲಿಲ್ಲ. ಹೇಲಿ ಸ್ಕ್ವೈರ್ಸ್ ಎಂಬ ನಟಿಯ ಕಲೆಯೇ ಅದನ್ನು ಸಾಧಿಸಿತು. ನೋಡಿದ ನಾವು ತಿಂದ ಅನ್ನವನ್ನು ನೆನೆದು ಸಂಕೋಚಪಟ್ಟೆವು. ಈ ಚಿತ್ರಕ್ಕೆ ಕಾನ್ ಉತ್ಸವದ ಪರಮ ಪುರಸ್ಕಾರವು ಸಂದಿತು; 2006ರಲ್ಲಿ ಐರ್ಲೆಂಡಿನ ಸ್ವಾತಂತ್ರ್ಯ ಸಮರವನ್ನು ಕುರಿತ ಚಿತ್ರಕ್ಕೂ ಅವರಿಗೆ ಅದೇ ಗೌರವ ದೊರೆತಿತ್ತು.

ಇಂಥ ಚಿತ್ರಗಳಿಂದ ಲೋಕ ತಿದ್ದೀತೆ ಎಂದು ಕೇಳುವವರುಂಟು. 1966ರ ನವೆಂಬರಿನಲ್ಲಿ ಪ್ರಸಾರವಾದ 'ಕ್ಯಾತಿ ಕಮ್ ಹೋಮ್' ಎಂಬ ಅವರ ದೂರದರ್ಶನ ನಾಟಕವನ್ನು ಸುಮಾರು 1 ಕೋಟಿ 20 ಲಕ್ಷ ಜನ ನೋಡಿದರು. ಮನೆಯಿಲ್ಲದ ತಾಯಿಯ ಕೈಯಿಂದ ಮಕ್ಕಳನ್ನು ಅಧಿಕಾರಿಗಳು ಕಿತ್ತೊಯ್ಯುವ ಕೊನೆಯ ದೃಶ್ಯ ದೇಶವನ್ನೇ ಕಲಕಿತು. ಕೆಲವೇ ದಿನಗಳಲ್ಲಿ 'ಶೆಲ್ಟರ್' ಎಂಬ ಸೇವಾಸಂಸ್ಥೆ ಉದಯವಾಯಿತು. ನಾಟಕದಿಂದಲೇ ಅದು ಹುಟ್ಟಿತೆಂಬ ಮಾತು ಪ್ರಚಾರದಲ್ಲಿದೆ. ಅದು ಸರಿಯಲ್ಲ, ಅದರ ಸಿದ್ಧತೆ ಮೊದಲೇ ನಡೆದಿತ್ತು. ಆದರೆ ಆ ಸಂಸ್ಥೆ ಬಾಗಿಲು ತಟ್ಟಿದಾಗ, ಒಳಗಿದ್ದವರು ಆಗಲೇ ಎಚ್ಚತ್ತಿದ್ದರು. ಕಲೆಯಿಂದ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ನ್ಯಾಯವಲ್ಲ; ಇದೇನೂ ಅಲ್ಪವಲ್ಲ.

ಲೋಚರು ಪಕ್ಷಪಾತಿಗಳೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಅವರ ಚಿತ್ರಗಳಲ್ಲಿನ ಕಚೇರಿಯವರು ಒಮ್ಮೊಮ್ಮೆ ಮನುಷ್ಯರಾಗಿರದೆ ಬರಿಯ ನಿಯಮಗಳಾಗಿ ಕಾಣುತ್ತಾರೆ. ಆದರೆ 2023ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಅವರು ಕೊಟ್ಟ 'ದಿ ಓಲ್ಡ್ ಓಕ್' ಚಿತ್ರದಲ್ಲಿ ಎದುರುಬದುರಾಗಿ ನಿಲ್ಲುವವರು ಇಬ್ಬರೂ ನೊಂದವರೇ: ಗಣಿ ಮುಚ್ಚಿಹೋದ ಹಳ್ಳಿಯ ಜನ ಒಂದು ಕಡೆ, ಯುದ್ಧದಿಂದ ಓಡಿಬಂದ ಸಿರಿಯಾದವರು ಇನ್ನೊಂದು ಕಡೆ. ಕೊನೆಗೆ ಅವರು ಒಂದೇ ಸೂರಿನಡಿ ಕುಳಿತು ಊಟಮಾಡುತ್ತಾರೆ. ಹಕ್ಕಿಯನ್ನು ಕಳೆದುಕೊಂಡು ಒಂಟಿಯಾಗಿ ಅದನ್ನು ಮಣ್ಣುಮಾಡಿದ ಬಿಲ್ಲಿಗೆ ದೊರೆಯದ ಆ ಪಂಕ್ತಿಯನ್ನು ಅರ್ಧಶತಮಾನದ ಮೇಲೆ ನಿರ್ದೇಶಕರು ಉಳಿದವರಿಗಾದರೂ ಹಾಕಿಕೊಟ್ಟರು. ಅದನ್ನು ಕಂಡು ನಮಗೆ ಸಮಾಧಾನವಾಯಿತು.