ಮಕ್ಕಳ ಇಂಗ್ಲಿಷಿಗೆ ಮನೆಯ ಅರ್ಥ

(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಇಂಗ್ಲಿಷಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಕನ್ನಡ ಮೊದಲು ಸೋಲುವುದು ಮಕ್ಕಳ ಇಂಗ್ಲಿಷ್ ಪುಸ್ತಕದ ಮುಂದೆಯೇ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇವೆ.

ನಮ್ಮ ಮನೆಯಲ್ಲೇ ನಡೆದದ್ದು. ಮೂರನೆಯ ತರಗತಿಯ ಹುಡುಗಿ ‘ಐಲೆಂಡ್’ ಎಂಬ ಪದದ ಅರ್ಥವನ್ನು ಇಂಗ್ಲಿಷಿನಲ್ಲೇ ಗಿಣಿಪಾಠ ಒಪ್ಪಿಸುತ್ತಿದ್ದಳು. ಅದರಲ್ಲಿ ‘ಸರೌಂಡೆಡ್’ ಎಂದು ಬಂತು. ಹಾಗೆಂದರೇನು ಎಂದು ಕೇಳಿದೆವು. ಸುಮ್ಮನಾದಳು. ಒಂದು ಬೀಗ ತೆಗೆಯುವುದಕ್ಕೆ ಇನ್ನೂ ದೊಡ್ಡ ಬೀಗವನ್ನು ಕೈಗೆ ಕೊಟ್ಟಂತಾಗಿತ್ತು. ಊರಿನಿಂದ ಬಂದಿದ್ದ ನಮ್ಮ ತಾಯಿಯವರು ವಿಷಯವೇನೆಂದು ವಿಚಾರಿಸಿ, ಒಳಗೆ ಹೋಗಿ ಊಟದ ತಟ್ಟೆ ತಂದಿಟ್ಟರು. ನಡುವೆ ರಾಗಿ ಮುದ್ದೆ, ಸುತ್ತಲೂ ಸಾರು. “ನಡುವೆ ನೆಲ, ಸುತ್ತ ನೀರು. ಇಷ್ಟೇ ತಾನೆ?” ಎಂದರು.

ಮುದ್ದೆ ಮಾಡದ ಧಾರವಾಡದ ಕಡೆಯವರು ಕ್ಷಮಿಸಬೇಕು. ಸಾಂಬಾರಿನ ಬಟ್ಟಲಿನಲ್ಲಿಟ್ಟ ಇಡ್ಲಿಯೂ ಆದೀತು.

ಮರುದಿನ ‘ಪೆನಿನ್ಸುಲಾ’ ಬಂತು. ಮುದ್ದೆಯನ್ನು ತಟ್ಟೆಯ ಅಂಚಿಗೆ ಒತ್ತಿದರಾಯಿತು: ಒಂದು ಕಡೆ ದಡ, ಮೂರು ಕಡೆ ಸಾರು. ಇದೋ ನಮ್ಮ ಸೌರಾಷ್ಟ್ರ! ಅದರ ತುದಿಯಲ್ಲಿ ಕಡಲೊಳಗಿರುವ ಬೇಟ್ ದ್ವಾರಕಾ ಐಲೆಂಡು. ಹುಡುಗಿ ಬಿಡಲಿಲ್ಲ. 2024ರಲ್ಲಿ ಓಖಾದಿಂದ ಅಲ್ಲಿಗೆ ಸುದರ್ಶನ ಸೇತುವೆ ಆಯಿತಲ್ಲ, ಈಗಲೂ ಅದು ಐಲೆಂಡೇ ಹೌದೇ ಎಂದಳು. ಅಜ್ಜಿ ಅಂಚಿನಿಂದ ಮುದ್ದೆಯ ಮೇಲಕ್ಕೆ ಒಂದು ಚಮಚವನ್ನು ಅಡ್ಡ ಇಟ್ಟು, “ಸಾರು ಎಲ್ಲಿಗಾದರೂ ಹೋಯಿತೇ?” ಎಂದು ಕೇಳಿದರು.

ಈ ಕಥೆಯ ಹಿಂದೆ ನಮ್ಮದೊಂದು ತಪ್ಪಿದೆ; ಮುಚ್ಚಿಡುವುದಿಲ್ಲ. ಮಗುವನ್ನು ಶಾಲೆಗೆ ಸೇರಿಸಿದಾಗ, ಮನೆಯಲ್ಲಿ ಇಂಗ್ಲಿಷನ್ನೇ ಆಡಿರಿ ಎಂಬ ಬುದ್ಧಿವಾದ ಬಂತು. ನಾವು ತಲೆಯಾಡಿಸಿದೆವು. ನಮ್ಮ ಇಂಗ್ಲಿಷಾದರೂ ಎಂಥದು? ಕಚೇರಿಯ ಕಾಗದಪತ್ರದ್ದು. ಅದರಲ್ಲಿ ಮಗುವನ್ನು ಗದರಿಸಲೂ ಬಾರದು, ಮುದ್ದಿಸಲೂ ಬಾರದು. ಎರಡು ವರ್ಷದ ಮೇಲೆ ಅಜ್ಜಿ ಬಂದಾಗ ಮೊಮ್ಮಗಳು ಬಾಗಿಲ ಸಂದಿಯಲ್ಲಿ ನಿಂತು ನೋಡಿದಳೇ ಹೊರತು ಮಾತಾಡಲಿಲ್ಲ. ಆಕೆ ಒಂದು ತಿಂಗಳೆಂದು ಬಂದವರು ಹನ್ನೆರಡನೆಯ ದಿನಕ್ಕೇ ಟಿಕೆಟು ಮಾಡಿಸಿರೆಂದರು. ಕಾರಣ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಮುದ್ದೆಯ ಪಾಠ ನಡೆದದ್ದು ಅದರ ಮುಂದಿನ ಸಲ. ಅಷ್ಟರೊಳಗೆ ಮನೆಯ ಮಾತನ್ನು ಮರಳಿ ಕನ್ನಡಕ್ಕೆ ತರಲು ನಾವು ಪಟ್ಟ ಪಾಡು ನಮಗೇ ಗೊತ್ತು.

ಸಣ್ಣ ಮಾತಿನಲ್ಲಿ ದೊಡ್ಡ ಪದವನ್ನು ಬಿಡಿಸಬೇಕೆಂಬುದು ಅಜ್ಜಿಯರ ಯುಕ್ತಿ ಮಾತ್ರವಲ್ಲ. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನಡೆಸಿದ್ದ ಮೈಕೇಲ್ ವೆಸ್ಟ್ ಎಂಬವರು, ಬಂಗಾಳಿ ಹುಡುಗರ ಕಷ್ಟವನ್ನು ಕಣ್ಣಾರೆ ಕಂಡವರು, 1935ರಲ್ಲಿ ಜೊತೆಗಾರರೊಬ್ಬರೊಡನೆ ಒಂದು ನಿಘಂಟು ಹೊರತಂದರು. ಸುಮಾರು 24,000 ಪದ ಮತ್ತು ನುಡಿಗಟ್ಟುಗಳಿಗೆ ಅದರಲ್ಲಿ ಅರ್ಥವಿದೆ. ಅರ್ಥ ಹೇಳಲು ಬಳಸಿದ ಪದಗಳು 1,490 ಮಾತ್ರ. ಇಂದು ಮಕ್ಕಳ ಕೈಯಲ್ಲಿರುವ ಎಷ್ಟೋ ನಿಘಂಟುಗಳು ಈ ದಾರಿಯವೇ. ಆದರೆ ಆ 1,490 ಪದಗಳನ್ನು ಮೊದಲು ಕಲಿಸುವವರಾರು? ಅಲ್ಲಿ ಮನೆಯ ಮಾತೇ ಬೇಕು.

ಕನ್ನಡ ಇದಕ್ಕೆ ಬಡವೆಯಲ್ಲ. ನೋಡಿ, ಗುಜರಾತಿಯಲ್ಲಿ ‘ಕಾಲೇ’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು; ನೆರೆಮನೆಯ ಹುಡುಗ ‘ಎಸ್ಟರ್ಡೇ’, ‘ಟುಮಾರೋ’ಗಳನ್ನು ಬೇರ್ಪಡಿಸಿಕೊಳ್ಳಬೇಕು. ನಮ್ಮ ಮಗುವಿಗೆ ಅವು ಬೇರೆಯಾಗಿಯೇ ಇವೆ. ಅವರ ‘ತೇ’ ಅವನಿಗೂ ಸಲ್ಲುತ್ತದೆ, ಅವಳಿಗೂ ಸಲ್ಲುತ್ತದೆ. ನಮ್ಮಲ್ಲಿ ಅವನು, ಅವಳು, ಅದು ಎಂದು ‘ಹೀ’, ‘ಶೀ’, ‘ಇಟ್’ಗಳಿಗೆ ಮೂರು ಮಣೆ ಸಿದ್ಧವಾಗಿವೆ. ಕುರ್ಚಿ ಗುಜರಾತಿಯಲ್ಲಿ ಹೆಂಗಸು. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಬರಿಯ ಕುರ್ಚಿ. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ನಮಗೆ ಅನ್ನವಿತ್ತ ನಾಡಿನ ನುಡಿಯಲ್ಲೂ ನಮ್ಮಲ್ಲಿಲ್ಲದ ಸೊಗಸುಂಟು: ಕೇಳುವವರನ್ನು ಬಿಟ್ಟ ‘ನಾವು’ ಅವರಿಗೆ ‘ಅಮೇ’, ಕೂಡಿಸಿಕೊಂಡ ‘ನಾವು’ ‘ಆಪಣೇ’. ಈ ಸಭೆಯಲ್ಲಿ ನಾವು ಆಡುತ್ತಿರುವುದು ಎರಡನೆಯ ‘ನಾವು’.

‘ಬಾರೋ’, ‘ಲೆಂಡ್’ಗಳ ಗೊಂದಲ ಎಲ್ಲ ಮನೆಯದೂ. ಪಕ್ಕದ ಮನೆಯ ಬೆನ್‌ರಿಂದ ಛತ್ರಿ ಎರವಲು ತಂದರೆ ನಾವು ಮಾಡಿದ್ದು ‘ಬಾರೋ’; ಅವರು ಮಾಡಿದ್ದು ‘ಲೆಂಡ್’. ಛತ್ರಿ ಒಂದೇ. ಮಗುವನ್ನೇ ಕಳಿಸಿ ತರಿಸಿದರೆ ಇನ್ನೂ ಒಳ್ಳೆಯದು. ಹಿಂದಿರುಗಿಸಲೂ ಅದನ್ನೇ ಕಳಿಸಬೇಕು, ಇಲ್ಲವಾದರೆ ಪಾಠ ಅರ್ಧ.

ಹೊರಬಾಗಿಲ ಮೇಜಿನ ಮೇಲೆ ಒಂದು ದಪ್ಪ ನೋಟುಬುಕ್ಕು ಇಟ್ಟಿದ್ದೇವೆ. ನಿಮ್ಮ ಮನೆಯಲ್ಲಿ ಮಗುವಿಗೆ ತಿಳಿದ ಒಂದೊಂದು ಪದವನ್ನೂ, ತಿಳಿಸಿದ ಬಗೆಯನ್ನೂ, ನಿಮ್ಮೂರಿನ ಕನ್ನಡದಲ್ಲೇ ಬರೆದು ಹೋಗಬೇಕೆಂದು ಕೋರುತ್ತೇವೆ. ವಡೋದರಾ, ಸೂರತ್ತಿನವರು ಊಟಕ್ಕೆ ಮುಂಚೆ ಬರೆದರೆ ಅನುಕೂಲ. ಸಂಜೆಯ ಗಾಡಿಯ ಅವಸರವಿರುತ್ತದೆ. ಮೊದಲ ಪುಟದಲ್ಲಿ ಮುದ್ದೆಯ ಚಿತ್ರವನ್ನು ನಮ್ಮ ಹುಡುಗಿಯೇ ಬರೆದಿದ್ದಾಳೆ. ‘ಕಸಿನ್’ ಎಂಬ ಪದಕ್ಕೆ ಮಾತ್ರ ಎರಡು ಪುಟ ಖಾಲಿ ಬಿಟ್ಟಿದ್ದೇವೆ. ಚಿಕ್ಕಪ್ಪ, ದೊಡ್ಡಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮ, ದೊಡ್ಡಮ್ಮ, ಇವರೆಲ್ಲರ ಮಕ್ಕಳೂ ಅದರಲ್ಲಿ ಹಿಡಿಸಬೇಕಷ್ಟೆ.