ಕುದುರೆಯಿಂದ ಬಿದ್ದ ಮೇಲೆ



ಕುದುರೆಯಿಂದ ಬಿದ್ದವನಿಗೆ ಲೋಕವು ಎರಡು ಬಗೆಯ ಬುದ್ಧಿವಾದವನ್ನು ಹೇಳುವುದುಂಟು. ಬಿದ್ದ ಗಳಿಗೆಯಲ್ಲಿಯೇ ಮೈ ಕೊಡವಿಕೊಂಡು ಮತ್ತೆ ಏರಿಬಿಡಬೇಕು, ತಡಮಾಡಿದರೆ ಭಯವು ಬೇರೂರುತ್ತದೆ ಎಂಬುದು ಒಂದು. ಬದುಕಿದೆಯಾ ಬಡಜೀವವೆ ಎಂದುಕೊಂಡು ಇನ್ನು ಲಾಯದ ಕಡೆಗೆ ತಲೆಹಾಕದಿರುವುದೇ ಲೇಸು ಎಂಬುದು ಇನ್ನೊಂದು. ಮೊದಲನೆಯದು ಧೀರರ ಮಾತೆಂದೂ ಎರಡನೆಯದು ಹೇಡಿಗಳ ಮಾತೆಂದೂ ಜನರು ಎಣಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಎರಡೂ ಅರೆಮಾತುಗಳೇ. ಹಾರಿಹೋದ ಧೈರ್ಯವನ್ನು ಮರಳಿ ಕರೆತರುವುದಕ್ಕೆ ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಬೆದರಿದ ಕುದುರೆಯನ್ನು ಪಳಗಿಸುವುದಕ್ಕೆ ಬಲ್ಲವರು ಬಹುಕಾಲದಿಂದ ಹಿಡಿದಿರುವ ದಾರಿಯೇ ಅದು. ಬೆದರಿದ ಸವಾರನಿಗೂ ಅದೇ ತಕ್ಕ ಮದ್ದು ಎಂಬ ಮಾತನ್ನು ಈ ಹೊತ್ತು ತಮ್ಮ ಮುಂದೆ ವಿಸ್ತರಿಸಬೇಕೆಂದಿದ್ದೇವೆ.

ಕುದುರೆಯು ನಮ್ಮ ನಾಡಿಗೆ ಹೊಸದಲ್ಲ. ರಾವುತ, ಜೀನು, ಲಗಾಮು, ರಿಕಾಪು, ಲಾಯ ಎಂಬ ಮಾತುಗಳು ನಮ್ಮ ನುಡಿಯಲ್ಲಿ ನೆಲೆಯೂರಿ ಎಷ್ಟೋ ಕಾಲವಾಯಿತು. 1779ರಲ್ಲಿ ಚಿತ್ರದುರ್ಗದ ಕೋಟೆಯನ್ನು ಹಿಡಿದ ಹೈದರ್ ಅಲಿಯ ಬಲಕ್ಕೆ ಅವನ ಕುದುರೆಯ ದಂಡು ಒಂದು ಮುಖ್ಯ ಕಾರಣವಾಗಿದ್ದಿತು. 1918ನೆಯ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಕಾಳಗದಲ್ಲಿ ಜೋಧಪುರದ ಸವಾರರೊಡನೆ ಮೈಸೂರು ಲ್ಯಾನ್ಸರ್ಸ್ ಪಡೆಯ ಸವಾರರೂ ಇದ್ದರು. ಈಗ ಆ ದಂಡುಗಳಿಲ್ಲ. ಆದರೂ ಸವಾರಿಯ ಹವ್ಯಾಸವು ಅಳಿದಿಲ್ಲ. ಬೆಂಗಳೂರಿನ ತರುಣರಾದ ಫವಾದ್ ಮಿರ್ಜಾ ಅವರು 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿಯ ಪದಕಗಳನ್ನು ಗಳಿಸಿ, 2021ರಲ್ಲಿ ಟೋಕಿಯೋದ ಒಲಿಂಪಿಕ್ ಅಂಗಣದಲ್ಲಿ ಕುದುರೆಯನ್ನು ನಡೆಸಿದ ಮೇಲೆ, ಸವಾರಿಯನ್ನು ಕಲಿಯಬೇಕೆಂದು ನಮ್ಮ ನಗರಗಳಲ್ಲಿ ಎಷ್ಟೋ ಮನೆಗಳ ಮಕ್ಕಳು ಆಶೆಪಡುವುದು ಸಹಜವೇ ಆಗಿದೆ. ಏರುವವರಿದ್ದಲ್ಲಿ ಬೀಳುವವರೂ ಇರುತ್ತಾರಷ್ಟೆ. ಏರುವ ವಿದ್ಯೆಯನ್ನು ಹೇಳಿಕೊಡುವವರು ಹಲವರುಂಟು. ಬಿದ್ದ ಮೇಲಿನ ವಿದ್ಯೆಯನ್ನು ಹೇಳಿಕೊಡುವವರು ವಿರಳ.

ಈ ವಿಷಯದಲ್ಲಿ ನಮ್ಮದು ಬರಿಯ ಪುಸ್ತಕದ ಜ್ಞಾನವಲ್ಲ. ನಾವು ಸವಾರಿಯನ್ನು ಕಲಿಯತೊಡಗಿದ್ದು ನಲವತ್ತು ದಾಟಿದ ಮೇಲೆ. ಹಿರಿಯೂರಿಗೆ ಹತ್ತಿರವಾದ ಆದಿವಾಲದ ಬಳಿ ನಮ್ಮ ಮಿತ್ರರೊಬ್ಬರ ತೆಂಗಿನ ತೋಟವಿದೆ. ಅಲ್ಲಿ ಒಂದು ಸಾಧುವಾದ ಹೆಣ್ಣುಕುದುರೆಯಿದೆ. ಒಂದು ದಿನ ಬೆಳಿಗ್ಗೆ ಶೇಂಗಾ ಹೊಲದ ಬದಿಯ ಬಂಡಿಜಾಡಿನಲ್ಲಿ ಅದರ ಮೇಲೆ ಕುಳಿತು ಹೋಗುತ್ತಿರುವಾಗ, ಬೇಲಿಯ ಮರೆಯಿಂದ ನವಿಲೊಂದು ಭರ್ರನೆ ಮೇಲೆದ್ದಿತು. ಕುದುರೆಯು ಒಂದೇ ನೆಗೆತಕ್ಕೆ ಎರಡು ಮಾರು ಪಕ್ಕಕ್ಕೆ ಸರಿಯಿತು, ನಾವು ಸರಿಯಲಿಲ್ಲ. ನಮ್ಮ ಕೆಳಗೆ ಕುದುರೆಯಿದ್ದ ಜಾಗದಲ್ಲಿ ನೆಲವಿತ್ತು. ಎಡಭಾಗದ ಕೊರಳೆಲುಬು ಬಿರಿಯಿತು. ಆರು ವಾರಗಳಲ್ಲಿ ಎಲುಬು ಕೂಡಿಕೊಂಡಿತು. ಧೈರ್ಯವು ಮಾತ್ರ ಕೂಡಿಕೊಳ್ಳಲಿಲ್ಲ. ಗೊರಸಿನ ಸದ್ದು ಕೇಳಿದರೆ ಅಂಗೈ ಬೆವರುವುದು, ಜೀನನ್ನು ಕಂಡರೆ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಗುವುದು. ಕುದುರೆ ಕಂಡರೆ ಕಾಲು ನೋವು ಎಂಬ ಗಾದೆಯು ಸೋಮಾರಿಗಳನ್ನು ಕುರಿತದ್ದೆಂದು ನಾವು ತರಗತಿಯಲ್ಲಿ ಎಷ್ಟೋ ಸಲ ಅರ್ಥ ಹೇಳಿದ್ದುಂಟು. ಅದಕ್ಕೆ ಇನ್ನೊಂದು ಅರ್ಥವೂ ಉಂಟೆಂಬುದು ಆಗ ತಿಳಿಯಿತು.

ಮೊದಲು ದೇಹದ ಮಾತು. ಬಿದ್ದ ಕೂಡಲೆ ಏರು ಎಂಬ ಉಪದೇಶವನ್ನು ಪಾಲಿಸುವ ಮುನ್ನ, ತಲೆಗೆ ಪೆಟ್ಟಾಗಿದೆಯೋ ಇಲ್ಲವೋ ಎಂಬುದನ್ನು ನೋಡತಕ್ಕದ್ದು. ಕ್ಷಣಕಾಲವಾದರೂ ಎಚ್ಚರ ತಪ್ಪಿದ್ದರೆ, ತಲೆನೋವು, ವಾಕರಿಕೆ, ತಲೆಸುತ್ತು, ನಡೆದುದರ ಮರೆವು ಇವುಗಳಲ್ಲಿ ಯಾವುದೊಂದು ಕಂಡುಬಂದರೂ, ಆ ದಿನ ಮತ್ತೆ ಏರಕೂಡದು, ವೈದ್ಯರನ್ನು ಕಾಣಬೇಕು. ಮಿದುಳು ಅಲುಗಿ ಇನ್ನೂ ಚೇತರಿಸಿಕೊಳ್ಳದಿರುವಾಗ ಎರಡನೆಯ ಪೆಟ್ಟು ಬಿದ್ದರೆ ಅದು ಮೊದಲನೆಯದಕ್ಕಿಂತ ಘೋರವಾಗಬಹುದು. ಬಿದ್ದಾಗ ಪೆಟ್ಟು ತಿಂದ ಹೆಲ್ಮೆಟ್ಟು ಮೇಲೆ ನೋಡುವುದಕ್ಕೆ ಚೆನ್ನಾಗಿದ್ದರೂ ಒಳಗೆ ಜಜ್ಜಿಹೋಗಿರುತ್ತದೆ. ಅದನ್ನು ಬಿಸುಟು ಹೊಸದನ್ನು ತರಬೇಕು. ಕಾಲು ರಿಕಾಪಿನೊಳಗೆ ತೂರಿ ಸಿಕ್ಕಿಕೊಳ್ಳದಂತೆ ಹಿಮ್ಮಡಿಯುಳ್ಳ ಪಾದರಕ್ಷೆಯನ್ನೇ ಮೆಟ್ಟಬೇಕು. ಇವು ಧೈರ್ಯಕ್ಕೆ ಸಂಬಂಧಪಡದ ಸಣ್ಣ ಮಾತುಗಳೆಂದು ತೋರಬಹುದು. ಆದರೆ ಆಧಾರವಿಲ್ಲದ ಧೈರ್ಯವು ಧೈರ್ಯವಲ್ಲ. ಮನಸ್ಸು ಅದನ್ನು ನಂಬುವುದೂ ಇಲ್ಲ.

ಇನ್ನು ಭಯದ ಮಾತು. ಕುದುರೆಯು ಹುಲ್ಲು ಮೇಯುವ, ಬೇಟೆಗೆ ಗುರಿಯಾಗುವ ಪ್ರಾಣಿ. ಅದರ ಕಣ್ಣುಗಳು ತಲೆಯ ಎರಡು ಮಗ್ಗುಲುಗಳಲ್ಲಿರುವುದರಿಂದ, ಹಣೆಯ ನೇರ ಮುಂದಿನ ಸ್ವಲ್ಪ ಜಾಗವನ್ನೂ ಬಾಲದ ಹಿಂದಣ ಜಾಗವನ್ನೂ ಬಿಟ್ಟರೆ ಸುತ್ತಲೂ ಅದಕ್ಕೆ ಕಾಣುತ್ತದೆ. ಅಪರಿಚಿತವಾದುದು ಅಲುಗಿದರೆ ಮೊದಲು ಓಡುವುದು, ಆಮೇಲೆ ವಿಚಾರಿಸುವುದು ಅದರ ಕುಲಧರ್ಮ. ಹಾಗೆ ಮಾಡಿದುದರಿಂದಲೇ ಅದರ ಕುಲವು ಉಳಿದುಬಂದಿದೆ. ಮನುಷ್ಯನ ಭಯವೂ ಇದೇ ಜಾತಿಯದು. ಒಮ್ಮೆ ನೋವಾದ ಜಾಗವನ್ನು ದೇಹವು ಗುರುತಿಟ್ಟುಕೊಂಡು, ಮತ್ತೆ ಅಲ್ಲಿಗೆ ಹೋದಾಗ ನಮ್ಮನ್ನು ಕೇಳದೆಯೇ ಗಂಟೆ ಬಾರಿಸುತ್ತದೆ. ಇದು ಹೇಡಿತನವೇನೂ ಅಲ್ಲ. ದೇಹವು ಶ್ರದ್ಧೆಯಿಂದ ಕಲಿತ ಒಂದು ಪಾಠ.

ತೊಂದರೆಯೇನೆಂದರೆ, ಈ ಪಾಠವು ತಾನು ಯಾವುದಕ್ಕೆ ಹೆದರುವುದೋ ಅದನ್ನೇ ಬರಮಾಡಿಕೊಳ್ಳುತ್ತದೆ. ಹೆದರಿದ ಸವಾರನು ಉಸಿರನ್ನು ಬಿಗಿಹಿಡಿಯುತ್ತಾನೆ; ಮುಂದಕ್ಕೆ ಬಾಗುತ್ತಾನೆ; ಮೊಣಕಾಲಿನಿಂದ ಅವುಚುತ್ತಾನೆ; ಲಗಾಮನ್ನು ಗಿಡ್ಡಮಾಡಿ ಎಳೆಯುತ್ತಾನೆ. ಜೀನಿನ ಮೇಲೆ ಸಡಿಲವಾಗಿ ಕುಳಿತವನು ಕುದುರೆಯ ಅಲುಗಾಟದೊಡನೆ ತಾನೂ ಅಲುಗಿ ಉಳಿದುಕೊಳ್ಳುತ್ತಾನೆ. ಸೆಟೆದು ಕುಳಿತವನು ಚಿಮ್ಮಿ ಹೋಗುತ್ತಾನೆ. ಅದಲ್ಲದೆ ಕುದುರೆಗೂ ಇದು ತಿಳಿದುಹೋಗುತ್ತದೆ. ಸ್ವೀಡನ್ ದೇಶದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಇಲ್ಲಿ ನೆನಪಿಗೆ ಬರುತ್ತದೆ. ಕುದುರೆಯನ್ನು ಏರಿದವರಿಗೂ ಹಿಡಿದು ನಡೆಸುವವರಿಗೂ, ಒಂದು ಸುತ್ತಿನಲ್ಲಿ ಕುದುರೆಯ ಎದುರಿಗೆ ಕೊಡೆಯೊಂದನ್ನು ತಟ್ಟನೆ ಬಿಚ್ಚಲಾಗುವುದೆಂದು ಅವರು ಮೊದಲೇ ಹೇಳಿದ್ದರು. ಕೊಡೆಯನ್ನು ಯಾರೂ ಬಿಚ್ಚಲೇ ಇಲ್ಲ. ಆದರೂ ಆ ಸುತ್ತಿನಲ್ಲಿ ಮನುಷ್ಯರ ಎದೆಬಡಿತವು ಏರಿತು. ಅವರೊಡನೆ, ಕೊಡೆಯ ಸುದ್ದಿಯನ್ನೇ ಅರಿಯದ ಕುದುರೆಗಳ ಎದೆಬಡಿತವೂ ಏರಿತು. ಆದುದರಿಂದ, ಒಳಗೆ ನಡುಗುತ್ತ ಹೊರಗೆ ಮೀಸೆ ತಿರುವುವ ಧೈರ್ಯವು ಮನುಷ್ಯರ ಮುಂದೆ ನಡೆದೀತು. ಕುದುರೆಯ ಬೆನ್ನಿನ ಮೇಲೆ ನಡೆಯದು.

ಹಾಗಾದರೆ ಉಪಾಯವೇನು? ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಸಿನ ಕ್ಸೆನೊಫನ್ ಎಂಬ ಸೇನಾನಿಯು ಅಶ್ವಾರೋಹಣವನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಕುದುರೆಯು ಏನನ್ನಾದರೂ ಕಂಡು ಬೆದರಿದಾಗ ಅದನ್ನು ಹೊಡೆದು ಮುಂದಕ್ಕೆ ನೂಕಬಾರದು. ಹೊಡೆದರೆ, ನೋವಿಗೆ ಕಾರಣ ಆ ವಸ್ತುವೇ ಎಂದು ಬಗೆದು ಕುದುರೆಯು ಇನ್ನೂ ಹೆಚ್ಚಾಗಿ ಹೆದರುತ್ತದೆ. ಸವಾರನು ತಾನೇ ಆ ವಸ್ತುವನ್ನು ಮುಟ್ಟಿ ತೋರಿಸಿ, ಕುದುರೆಯನ್ನು ಮೆಲ್ಲಗೆ ಅದರ ಬಳಿಗೆ ಕರೆದೊಯ್ಯಬೇಕು ಎಂಬುದು ಅವನ ಉಪದೇಶದ ಸಾರ.

ಇದರ ಪ್ರಯೋಗವನ್ನು ನೋಡಬೇಕಾದರೆ ಗ್ರೀಸಿಗೆ ಹೋಗಬೇಕಾಗಿಲ್ಲ; ದಸರೆಗೆ ಮುಂಚೆ ಮೈಸೂರಿಗೆ ಹೋದರೆ ಸಾಕು. ವಿಜಯದಶಮಿಯ ದಿನ ಜಂಬೂಸವಾರಿಯ ವೇಳೆಯಲ್ಲಿ 21 ಕುಶಾಲತೋಪುಗಳನ್ನು ಹಾರಿಸುವುದುಂಟು. ಆ ಸಿಡಿತಕ್ಕೆ ಆನೆಗಳೂ ಪೊಲೀಸ್ ಅಶ್ವದಳದ ಕುದುರೆಗಳೂ ಬೆದರದಂತೆ, ಹಬ್ಬಕ್ಕೆ ಮೊದಲೇ ಅವುಗಳಿಗೆ ಫಿರಂಗಿಯ ತಾಲೀಮನ್ನು ಕೊಡುತ್ತಾರೆ. ತಾಲೀಮು ಒಂದೇ ದಿನಕ್ಕೆ ಮುಗಿಯುವುದಲ್ಲ. ಕೆಲವು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಮೊದಲ ದಿನ ಸದ್ದಿಗೆ ಬೆಚ್ಚಿ ಕದಲಿದ ಪ್ರಾಣಿಗಳು, ಮುಂದಿನ ದಿನಗಳಲ್ಲಿ ಕಿವಿಯನ್ನಷ್ಟೇ ಅಲುಗಿಸಿ ನಿಂತುಕೊಳ್ಳುತ್ತವೆ. ಬೆದರಿದ ಪ್ರಾಣಿಯನ್ನು ಅಲ್ಲಿ ಯಾರೂ ಹೇಡಿಯೆಂದು ಹಳಿಯುವುದಿಲ್ಲ. ಸದ್ದು, ಸಮಾಧಾನ, ವಿರಾಮ; ಮತ್ತೆ ಸದ್ದು, ಸಮಾಧಾನ, ವಿರಾಮ. ಇಷ್ಟೇ ಆ ವಿದ್ಯೆ. ಕುದುರೆಗೆ ನಾವು ತೋರಿಸುವ ಈ ತಾಳ್ಮೆಯನ್ನು ನಮ್ಮ ವಿಷಯದಲ್ಲಿ ನಾವೇ ತೋರಿಸಿಕೊಳ್ಳದಿರುವುದು ವಿಚಿತ್ರವಲ್ಲವೆ?

ಈ ಕ್ರಮವನ್ನು ಸವಾರನಿಗೆ ಅನ್ವಯಿಸುವುದು ಹೇಗೆಂದರೆ, ಏರುವ ಕೆಲಸವನ್ನು ಮೆಟ್ಟಿಲುಗಳಾಗಿ ಒಡೆದುಕೊಳ್ಳಬೇಕು. ನಾವು ಆದಿವಾಲದಲ್ಲಿ ಹಾಗೆಯೇ ಮಾಡಿದೆವು. ಮೊದಲ ವಾರ ಏರುವ ಮಾತೇ ಇಲ್ಲ. ಲಾಯಕ್ಕೆ ಹೋಗಿ ಕುದುರೆಯ ಮೈಯನ್ನು ತಿಕ್ಕುವುದು, ಗೊರಸನ್ನು ಎತ್ತಿ ಶುದ್ಧಮಾಡುವುದು, ಹಗ್ಗ ಹಿಡಿದು ತೋಟದೊಳಗೆ ಜೊತೆಯಲ್ಲಿ ನಡೆಯುವುದು. ಎರಡನೆಯ ವಾರ ಕಾಸದಾರನು ಕುದುರೆಯನ್ನು ಹಿಡಿದು ನಿಂತಿರುವಾಗ ಏರುವುದು, ಐದು ನಿಮಿಷ ಸುಮ್ಮನೆ ಕುಳಿತಿರುವುದು, ಇಳಿಯುವುದು. ಏರುವುದಕ್ಕಿಂತ ಇಳಿಯುವುದನ್ನು ಹೆಚ್ಚಾಗಿ ಅಭ್ಯಾಸಮಾಡಿದೆವು; ಬೇಕೆಂದಾಗ ಇಳಿಯಬಲ್ಲೆ ಎಂಬ ಅರಿವಿಗಿಂತ ದೊಡ್ಡ ಧೈರ್ಯವಿಲ್ಲ. ಆಮೇಲೆ ಅವನು ಉದ್ದವಾದ ಹಗ್ಗದ ತುದಿಯನ್ನು ಹಿಡಿದು ನಡುವೆ ನಿಂತು, ಕುದುರೆಯನ್ನು ತನ್ನ ಸುತ್ತ ವೃತ್ತಾಕಾರವಾಗಿ ನಡೆಸಿದನು. ಕುದುರೆಯ ಹೊಣೆ ಅವನದು. ನಮ್ಮದು ಉಸಿರಿನ ಹೊಣೆ ಮಾತ್ರ. ಗಟ್ಟಿಯಾಗಿ ಅಂಕೆಗಳನ್ನು ಎಣಿಸುತ್ತ ಕುಳಿತೆವು. ಎಣಿಸುವ ಬಾಯಿಯು ಉಸಿರನ್ನು ಬಿಗಿಹಿಡಿಯಲಾರದಷ್ಟೆ. ಕುಕ್ಕುಲೋಟಕ್ಕೆ ಬಂದದ್ದು ಎರಡು ತಿಂಗಳ ಮೇಲೆ. ನವಿಲು ಎದ್ದ ಬಂಡಿಜಾಡಿಗೆ ಹೋದದ್ದು ಅದಕ್ಕೂ ಆಮೇಲೆ. ಅದೂ ಮೊದಲ ಸಲ ಕುದುರೆಯನ್ನು ಹಿಡಿದುಕೊಂಡು ಕಾಲುನಡಿಗೆಯಲ್ಲಿ.

ಇಲ್ಲಿ ಎರಡು ನಿಯಮಗಳನ್ನು ಮರೆಯಬಾರದು. ಪ್ರತಿದಿನದ ಅಭ್ಯಾಸವನ್ನು, ಇನ್ನೂ ಸ್ವಲ್ಪ ಮಾಡಬಹುದಾಗಿತ್ತು ಎನ್ನುವಾಗಲೇ ನಿಲ್ಲಿಸಬೇಕು. ನೆಮ್ಮದಿಯಲ್ಲಿ ಮುಗಿದ ದಿನವನ್ನು ದೇಹವು ನೆಮ್ಮದಿಯೆಂದೇ ಬರೆದುಕೊಳ್ಳುತ್ತದೆ. ಒಂದು ಮೆಟ್ಟಿಲಿನಲ್ಲಿ ನಡುಕ ಬಂದರೆ, ಹಲ್ಲು ಕಚ್ಚಿ ಮೇಲಿನದಕ್ಕೆ ನೆಗೆಯದೆ ಕೆಳಗಿನದಕ್ಕೆ ಇಳಿದು ಅಲ್ಲಿ ಗಟ್ಟಿಯಾಗಬೇಕು.

ಭಯವು ಪೂರ್ತಿಯಾಗಿ ಅಳಿಸಿಹೋಗುವುದೇ ಎಂದು ತಾವು ಕೇಳಬಹುದು. ಅಳಿಸಿಹೋಗುವುದಿಲ್ಲ. ಗಂಟೆಯ ಸದ್ದಿಗೆ ಅನ್ನವನ್ನು ಜೋಡಿಸಿ ನಾಯಿಗಳ ಬಾಯಲ್ಲಿ ನೀರೂರಿಸಿದ ಪ್ರಯೋಗಗಳಿಗಾಗಿ ಪ್ರಸಿದ್ಧನಾದ ರಷ್ಯದ ವಿಜ್ಞಾನಿ ಪಾವ್ಲೋವನು, ಅಭ್ಯಾಸದಿಂದ ಅಡಗಿಹೋದ ಪ್ರತಿಕ್ರಿಯೆಯು ಸ್ವಲ್ಪ ವಿರಾಮದ ಮೇಲೆ ತಾನಾಗಿಯೇ ಮರಳುವುದನ್ನು ಕಂಡಿದ್ದನು. ಹಳೆಯ ಪಾಠವು ಅಳಿಯುವುದಿಲ್ಲ. ಅದರ ಮೇಲೆ ಹೊಸ ಪಾಠವೊಂದು ಬರೆಯಲ್ಪಡುತ್ತದೆ, ಅಷ್ಟೆ. ಮಳೆಗಾಲವೆಲ್ಲ ಬಿಟ್ಟು ಮತ್ತೆ ಏರಿದ ದಿನ ಅಂಗೈ ಬೆವರಿದರೆ, ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಯಿತೆಂದು ಕೊರಗಬೇಕಾಗಿಲ್ಲ. ಎರಡು ಮೆಟ್ಟಿಲು ಕೆಳಗಿನಿಂದ ಆರಂಭಿಸಿದರೆ, ಈ ಸಲ ಬೇಗನೆ ಮೇಲಕ್ಕೆ ಬರುತ್ತೇವೆ.

ಹೀಗೆ ಮೆಟ್ಟಿಲು ಹತ್ತಿದವರು ಎಷ್ಟು ದೂರ ಹೋಗಬಹುದೆಂಬುದಕ್ಕೆ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಮಹಿಳೆಯೇ ಸಾಕ್ಷಿ. 1944ರಲ್ಲಿ ಪೋಲಿಯೋ ತಗುಲಿ ಆಕೆಗೆ ಮೊಣಕಾಲಿನ ಕೆಳಗೆ ಶಕ್ತಿಯು ಹೋಯಿತು. ಆಕೆಯ ಸಂಕಟವು ಬೀಳುವವರ ಸಂಕಟಕ್ಕಿಂತ ಬಹಳ ದೊಡ್ಡದು. ಆದರೂ ಇತರರ ನೆರವಿನಿಂದ ಕುದುರೆಯನ್ನು ಏರಿ, ಸವಾರಿಯನ್ನು ಮೊದಲಿನಿಂದ ಕಲಿತು, 1952ರ ಹೆಲ್ಸಿಂಕಿ ಒಲಿಂಪಿಕ್ ಕೂಟದಲ್ಲಿ ಗಂಡಸರೊಡನೆ ಸ್ಪರ್ಧಿಸಿ ಬೆಳ್ಳಿಯ ಪದಕವನ್ನು ಪಡೆದರು. ಹಾಗೆಂದು ಬಿದ್ದವರೆಲ್ಲರೂ ಮರಳಿ ಏರಲೇಬೇಕೆಂಬ ಶಾಸನವೇನೂ ಇಲ್ಲ. ಮನೆಯ ಹೊಣೆಯನ್ನೂ ಮೈಯ ಸ್ಥಿತಿಯನ್ನೂ ತೂಗಿನೋಡಿ ಸಾಕೆಂದು ನಿಲ್ಲಿಸಿದವರನ್ನು ನಾವು ಹಳಿಯೆವು. ಆದರೆ ಆ ತೀರ್ಮಾನವನ್ನು ಬುದ್ಧಿಯು ಮಾಡಲಿ; ಬೆವರಿದ ಅಂಗೈ ಮಾಡದಿರಲಿ.

ಕಡೆಯದಾಗಿ ಒಂದು ಮಾತು. ಅಧ್ಯಾಪಕವೃತ್ತಿಯಲ್ಲಿ ನಾವು ಕುದುರೆಯನ್ನೇ ಏರದೆ ಬಿದ್ದವರನ್ನು ದಿನವೂ ಕಾಣುತ್ತೇವೆ. ತರಗತಿಯಲ್ಲಿ ಎದ್ದುನಿಂತು ಉತ್ತರ ಹೇಳಲು ಹೋಗಿ ಒಮ್ಮೆ ನಗೆಗೀಡಾದ ಹುಡುಗಿಯು ವರ್ಷವೆಲ್ಲ ಬಾಯಿ ತೆರೆಯುವುದಿಲ್ಲ. ಆಕೆಯನ್ನು ನೇರವಾಗಿ ವೇದಿಕೆಗೆ ನೂಕುವುದು ಚಾವಟಿಯ ಮಾರ್ಗ. ಆಕೆಯನ್ನು ಮಾತನಾಡಿಸದೆಯೇ ಬಿಟ್ಟುಬಿಡುವುದು ಲಾಯದ ಬಾಗಿಲು ಮುಚ್ಚುವ ಮಾರ್ಗ. ಇಂದು ಒಂದು ಪದ, ನಾಳೆ ಒಂದು ವಾಕ್ಯ, ಆಚೆಯ ವಾರ ಒಂದು ಪುಟವನ್ನು ಓದಿಸುವುದು ಮೂರನೆಯ ಮಾರ್ಗ. ಇದರಲ್ಲಿ ಚಪ್ಪಾಳೆ ಕಡಿಮೆ, ಕಾಲ ಹೆಚ್ಚು. ಆದರೆ ಗುರಿ ಮುಟ್ಟಿಸುವ ನಡೆ ಇದು. ಮನೆಯಲ್ಲಿಯಾಗಲಿ ಶಾಲೆಯಲ್ಲಿಯಾಗಲಿ ಬಿದ್ದವರ ಲಗಾಮು ತಮ್ಮ ಕೈಗೆ ಬಂದಾಗ, ಶ್ರೋತೃಗಳು ಅದನ್ನು ಸ್ವಲ್ಪ ಸಡಿಲವಾಗಿಯೇ ಹಿಡಿಯಬೇಕೆಂದು ಕೋರಿ ಈ ಭಾಷಣವನ್ನು ಮುಗಿಸುತ್ತೇವೆ.