ಒಂದು ಹನಿ ರಕ್ತ, ಎರಡು ಗೆರೆ

ಇವತ್ತು ಕೋಡಿಂಗ್ ವಿಷಯ ಅಲ್ಲ, ನಮ್ಮನೆಯ ಒಂದು ಲ್ಯಾಬ್ ರಿಪೋರ್ಟಿನ ವಿಷಯ.

ನನ್ನ ಹೆಂಡತಿ ನನ್ನ ಸೋದರಮಾವನ ಮಗಳು. ಇಲ್ಲೇ ಹೈದರಾಬಾದಿನಲ್ಲಿ, ಅವಳು ಗರ್ಭಿಣಿಯಾದ ಎಂಟನೇ ವಾರ ರಕ್ತ ಪರೀಕ್ಷೆ ಮಾಡಿಸಿದ್ವಿ. ಹಿಮೋಗ್ಲೋಬಿನ್ 10.2. ಎಂಸಿವಿ, ಅಂದ್ರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, 66. ಅದು 80 ದಾಟಿರಬೇಕು. ಐರನ್ ಕಡಿಮೆ ಇರ್ಬೇಕು ಅಂದ್ಕೊಂಡೆ. ಆದರೆ ಕಣಗಳ ಸಂಖ್ಯೆ ಜಾಸ್ತಿಯೇ ಇತ್ತು. ಡಾಕ್ಟರು "ಹಿಮೋಗ್ಲೋಬಿನ್ ಎಲೆಕ್ಟ್ರೋಫೊರೆಸಿಸ್ ಮಾಡ್ಸಿ" ಅಂದ್ರು.

ಏನಿದು? ಪ್ರೋಟೀನುಗಳಿಗೆ ವಿದ್ಯುದಂಶ ಇರುತ್ತೆ. ಸುಮಾರು 8.6 ಪಿಎಚ್‌ನ ದ್ರಾವಣದಲ್ಲಿ ಹಿಮೋಗ್ಲೋಬಿನ್ ಋಣ ವಿದ್ಯುದಂಶ ಪಡೆಯುತ್ತೆ. ಜೆಲ್ ಮೇಲೆ ಹನಿ ಹಾಕಿ ಕರೆಂಟ್ ಕೊಟ್ರೆ ಧನ ತುದಿಯ ಕಡೆ ಓಡುತ್ತೆ. ದೊಡ್ಡವರಲ್ಲಿ ಬಹುಪಾಲು ಇರೋ ಎ ಮುಂದೆ ಹೋಗುತ್ತೆ, ಎ2 ಹಿಂದೆ ಉಳಿಯುತ್ತೆ. ಬಣ್ಣ ಹಾಕಿದ್ರೆ ಬೇರೆ ಬೇರೆ ಗೆರೆ ಕಾಣುತ್ತೆ. ಸಂಶೋಧಕರಿಗೆ ಒಂದೇ ಪ್ರೋಟೀನು ಶುದ್ಧವಾಗಿ ಬೇಕಾದ್ರೆ ಆ ಗೆರೆಯನ್ನೇ ಕತ್ತರಿಸಿ ತೆಗೀಬಹುದು. ಈ ವಿಧಾನಕ್ಕೆ ಸ್ವೀಡನ್ನಿನ ಟಿಸೇಲಿಯಸ್‌ಗೆ 1948ರಲ್ಲಿ ನೊಬೆಲ್ ಬಂತು. ಮರುವರ್ಷವೇ ಲೈನಸ್ ಪಾಲಿಂಗ್ ತಂಡ, ಕುಡುಗೋಲು ಕಣ ರೋಗಿಗಳ ಹಿಮೋಗ್ಲೋಬಿನ್ ಬೇರೆ ವೇಗದಲ್ಲಿ ಓಡುತ್ತೆ ಅಂತ ಇದರಿಂದಲೇ ತೋರಿಸಿತು.

ಎ2 ಸಾಮಾನ್ಯವಾಗಿ ಶೇ. 3.5ರ ಒಳಗಿರುತ್ತೆ. ಅವಳದ್ದು 5.3 ಬಂತು. ಬೀಟಾ ಥಲಸ್ಸೇಮಿಯಾ ಮೈನರ್. ಅವಳಿಗೆ ಇದರಿಂದ ದೊಡ್ಡ ತೊಂದರೆ ಇಲ್ಲ. ಆದರೆ ನನಗೂ ಇದ್ರೆ, ಪ್ರತಿ ಗರ್ಭದಲ್ಲೂ ಮಗುವಿಗೆ ಮೇಜರ್ ಬರೋ ಸಾಧ್ಯತೆ ಶೇ. 25. ಮೇಜರ್ ಅಂದ್ರೆ ಕೆಲವು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಜೀವನಪೂರ್ತಿ. ಸೋದರಿಕೆ ಸಂಬಂಧದಲ್ಲಿ ಇಬ್ಬರಿಗೂ ಒಂದೇ ಜೀನ್ ಇರೋ ಸಾಧ್ಯತೆ ಹೆಚ್ಚು ಬೇರೆ.

ನನ್ನ ರಿಪೋರ್ಟಿಗೆ ಎರಡು ದಿನ ಕಾದ್ವಿ. ಆಫೀಸಿನ ಕಾಲ್‌ನಲ್ಲಿ ಯಾರೇನು ಹೇಳಿದ್ರೋ ಒಂದೂ ನೆನಪಿಲ್ಲ. ಎ2 2.7, ಎಂಸಿವಿ 86. ಬಚಾವ್.

ಮಗಳಿಗೀಗ ಎರಡು ವರ್ಷ. ಅವಳಿಗೂ ಮೈನರ್ ಇರೋ ಸಾಧ್ಯತೆ ಅರ್ಧಕ್ಕರ್ಧ. ಭಾಮೈದನಿಗೆ ಹೆಣ್ಣು ನೋಡ್ತಿದ್ದಾರೆ. ಅವನಿಗೂ ಟೆಸ್ಟ್ ಮಾಡ್ಸಿ ಅಂದೆ. "ವಿಷಯ ಗೊತ್ತಾದ್ರೆ ಸಂಬಂಧ ತಪ್ಪಿಹೋಗುತ್ತೆ ಕಣೋ" ಅಂದ್ರು ಮಾವ. ಮಾವ, ಒಬ್ಬರಿಗೆ ಇದ್ರೆ ಮದುವೆ ನಿಲ್ಲಿಸಬೇಕಿಲ್ಲ, ಇಬ್ಬರಿಗೂ ಇದೆಯಾ ಅಂತ ಮೊದಲೇ ಗೊತ್ತಿರಬೇಕು ಅಷ್ಟೇ ಅಂದೆ. ಇನ್ನೂ ಒಪ್ಪಿಲ್ಲ.

ಇಲ್ಲಿ ರಾಜೇಂದ್ರನಗರದ ಕಡೆ 1998ರಲ್ಲಿ ಶುರುವಾದ ಥಲಸ್ಸೇಮಿಯಾ ಅಂಡ್ ಸಿಕಲ್ ಸೆಲ್ ಸೊಸೈಟಿ ಇಂಥ ಮಕ್ಕಳಿಗೆ ರಕ್ತ ಏರಿಸೋ ಕೆಲಸ ಮಾಡ್ತಿದೆ. ಬಿಡುವಾದಾಗ ಹೋಗಿ ರಕ್ತ ಕೊಡಿ. ಇನ್ನೊಂದು ಮಾತು: ಐರನ್ ಕೊರತೆ ಇದ್ರೆ ಎ2 ಕಡಿಮೆ ತೋರಿಸಬಹುದು, ಹಾಗಾಗಿ ರಿಪೋರ್ಟನ್ನು ಡಾಕ್ಟರಿಗೇ ತೋರಿಸಿ.

ಮದುವೆಗೆ ಮುಂಚೆ ಜಾತಕ ಎರಡು ಕಡೆ ತೋರಿಸಿದ್ವಿ ನಾವು. ಈ ಟೆಸ್ಟನ್ನೂ ಅದರ ಜೊತೆಗೆ ಸೇರಿಸ್ಕೊಳ್ಳಿ.